ಬಟ್ಟಲ ನೀರು ಆಡಿದ ಮಾತು

ಪಂಕಜಮ್ಮನವರ ಮಣಿಕಟ್ಟು ಊದಿಕೊಂಡ ಮೇಲೆ ಅವರ ಅಡುಗೆಮನೆಗೆ ಸ್ಟ್ಯಾಂಡ್ ಮಿಕ್ಸರ್ ಬಂತು. ಹೋಳಿಗೆಯ ಕಣಕ ನಾದುವುದು, ಕೆನೆ ಕಡೆದು ಬೆಣ್ಣೆ ತೆಗೆಯುವುದು, ರುಬ್ಬಿದ ಉದ್ದಿನ ಹಿಟ್ಟನ್ನು ಗೊಟಾಯಿಸಿ ಹಗುರ ಮಾಡುವುದು, ಎಲ್ಲ ಅದರ ಪಾಲಿಗೆ ಬಿತ್ತು. ಹೊಗಳಿಕೆ ಕೇಳಿ ಕೇಳಿ ಅದಕ್ಕೆ ಸ್ವಲ್ಪ ಜಂಬವೂ ಬಂದಿತ್ತು.

ಬೀಗರು ಊಟಕ್ಕೆ ಬರುವ ದಿನ ವಡೆಯ ಹಿಟ್ಟು ಗೊಟಾಯಿಸುತ್ತಾ ಅದು ಪಕ್ಕದ ಬಟ್ಟಲಲ್ಲಿದ್ದ ನೀರನ್ನು ಕೇಳಿತು: "ನಾನು ಇಷ್ಟು ದುಡಿಯುತ್ತಿದ್ದೇನೆ. ನೀನು ಕೂತು ಏನು ಮಾಡುತ್ತೀಯೆ?"

"ನಿನ್ನ ಕೆಲಸ ಮುಗಿಯಿತೋ ಇಲ್ಲವೋ ಹೇಳುತ್ತೇನೆ."

"ಮುಗಿದಿದೆ. ಅದನ್ನು ನೀನೇನು ಹೇಳುವುದು?"

ಪಂಕಜಮ್ಮ ಮಿಕ್ಸರ್ ನಿಲ್ಲಿಸಿ ಒಂದು ತೊಟ್ಟು ಹಿಟ್ಟನ್ನು ನೀರಿಗೆ ಬಿಟ್ಟರು. ಅದು ನೇರ ತಳ ಸೇರಿತು.

"ಇನ್ನೂ ಭಾರವಾಗಿದೆ, ವಡೆ ಗಟ್ಟಿಯಾಗುತ್ತದೆ," ಎಂದಿತು ನೀರು.

"ಬೇಕೆಂದೇ ಮುಳುಗಿಸಿದೆ!" ಮಿಕ್ಸರ್ ಸಿಡುಕಿತು.

"ಇನ್ನು ಸ್ವಲ್ಪ ತಿರುಗಪ್ಪಾ, ಬೀಗರ ಮುಂದೆ ನನ್ನ ಮಾನ ಉಳಿಸು," ಎನ್ನುತ್ತಾ ಪಂಕಜಮ್ಮ ಮತ್ತೆ ಗುಂಡಿ ಒತ್ತಿದರು. ಊದಿದ ಆ ಮಣಿಕಟ್ಟು ಕಂಡು ಮಿಕ್ಸರ್ ಸಿಟ್ಟು ನುಂಗಿ ಮನಸ್ಸಿಟ್ಟು ತಿರುಗಿತು. ಈ ಸಲ ನೀರಿಗೆ ಬಿಟ್ಟ ಹಿಟ್ಟು ಹತ್ತಿಯಂತೆ ತೇಲಿತು.

ವಡೆ ತಿಂದ ಬೀಗರು ಇನ್ನೆರಡು ಕೇಳಿ ಹಾಕಿಸಿಕೊಂಡರು. ಪಂಕಜಮ್ಮ ಒಳಗೆ ಬಂದು ಮಿಕ್ಸರಿನ ತಲೆ ಸವರಿದರು. "ನೀನಿಲ್ಲದಿದ್ದರೆ ನನ್ನ ಗತಿ ಏನಾಗುತ್ತಿತ್ತಪ್ಪಾ," ಎಂದರು. ಆಮೇಲೆ ಬಟ್ಟಲನ್ನು ಕೈಗೆತ್ತಿಕೊಂಡು, ನೀರನ್ನು ಕರಿಬೇವಿನ ಗಿಡಕ್ಕೆ ಹಾಕಲು ಹೊರಟರು.

ಮಿಕ್ಸರಿಗೆ ನಾಚಿಕೆಯಾಯಿತು. "ಅಕ್ಕಾ, ನಿನ್ನ ಉಪಕಾರ ಮರೆಯಲಾರೆ," ಎಂದು ಕೂಗಿತು. "ನೀನು ಸುಮ್ಮನಿದ್ದಿದ್ದರೆ, ಅದೇ ಮಾತನ್ನು ಬೀಗರ ಹಲ್ಲು ಹೇಳುತ್ತಿತ್ತು."