ಕುಡುಗೋಲಿಗೆ ಸ್ನಾನ

“ಗುರುಗಳೇ, ದೇವರು ಹಣೆಯಲ್ಲಿ ಬರೆದದ್ದಕ್ಕೆ ಮನುಷ್ಯ ಕಾರಣ ಹುಡುಕುವುದು ಅಪಚಾರವಲ್ಲವೇ?”

ಹೀಗೆ ಕೇಳಿದವನು ನಾಗಲಿಂಗ. ಅವನ ಊರಿನಲ್ಲಿ ಒಂದು ಜ್ವರ ಎದ್ದಿತ್ತು. ಅದರ ಮೂಲ ತಿಳಿಯಬೇಕೆಂದು ವೈದ್ಯರು ಮನೆಮನೆಗೆ ಬಂದು, ನೀರು ಎಲ್ಲಿಂದ ತರುತ್ತೀರಿ, ಏನು ಉಣ್ಣುತ್ತೀರಿ, ಎಲ್ಲಿ ಮಲಗುತ್ತೀರಿ ಎಂದು ಕೇಳುತ್ತಿದ್ದರು. ನಾಗಲಿಂಗ ಅವರನ್ನು ಹೊಸ್ತಿಲಿನಿಂದಲೇ ಹಿಂದಕ್ಕೆ ಕಳಿಸಿದ್ದ. ಕಳಿಸಿದ ಮೇಲೆ ಅವನ ಮನಸ್ಸಿಗೆ ಸಮಾಧಾನವಿರಲಿಲ್ಲ.

ಗುರು ಶಾಂತಮಲ್ಲಯ್ಯನವರು ಪೂಜೆಗೆ ಬಿಲ್ವಪತ್ರೆ ಆರಿಸುತ್ತಿದ್ದರು. ಕೈ ನಿಲ್ಲಿಸದೆ, “ಕೂತುಕೋ. ಒಂದು ಕತೆ ಹೇಳುತ್ತೇನೆ,” ಎಂದರು.

ಒಂದು ಊರು. ಆ ಊರಿನಲ್ಲಿ ಎರಡು ಕೇರಿ. ಒಂದು ರೈತರದು, ಇನ್ನೊಂದು ನೇಕಾರರದು. ಎರಡಕ್ಕೂ ನಡುವೆ ಒಂದೇ ಬಾವಿ, ಒಬ್ಬಳೇ ಸೂಲಗಿತ್ತಿ.

ರೈತರ ಕೇರಿಯಲ್ಲಿ ಕೂಸುಗಳು ಗುಂಡುಗುಂಡಾಗಿ ಹುಟ್ಟುತ್ತಿದ್ದವು. ಏಳನೆಯ ದಿನದ ಹೊತ್ತಿಗೆ ಬಾಯಿ ಬಿಗಿಯುತ್ತಿತ್ತು. ಮೊಲೆ ಹಿಡಿಯುತ್ತಿರಲಿಲ್ಲ. ಮೈ ಬಿಲ್ಲಿನಂತೆ ಬಾಗುತ್ತಿತ್ತು. ಆಮೇಲೆ ಉಳಿಯುತ್ತಿರಲಿಲ್ಲ. ಎಲ್ಲ ಕೂಸುಗಳಿಗೂ ಹೀಗಾಗುತ್ತಿತ್ತೆಂದಲ್ಲ. ಆದರೆ ಹೀಗಾಗದ ಮನೆ ಆ ಕೇರಿಯಲ್ಲಿ ಕಡಿಮೆ. ನೇಕಾರರ ಕೇರಿಯಲ್ಲಿ ಆ ಬೇನೆಯ ಹೆಸರೇ ಇರಲಿಲ್ಲ.

ಹುಟ್ಟಿದ ಐದನೆಯ ರಾತ್ರಿ ಸಟವಿ ತಾಯಿ ಬಂದು ಕೂಸಿನ ಹಣೆಯಲ್ಲಿ ಆಯುಷ್ಯ ಬರೆದು ಹೋಗುತ್ತಾಳೆ ಎಂಬುದು ಆ ಊರಿನ ನಂಬಿಕೆ. ತಾಯಿಗೆ ರೈತರ ಮೇಲೆ ಮುನಿಸು ಎಂದು ಜನ ಅಂದುಕೊಂಡರು. ನೇಕಾರರು ಅವಳಿಗೆ ಹೊಸ ಸೀರೆ ಏರಿಸುತ್ತಾರೆ, ಅದಕ್ಕೇ ಅವರ ಮಕ್ಕಳಿಗೆ ನೂರು ವರ್ಷ ಬರೆಯುತ್ತಾಳೆ ಎಂದರು. ರೈತರೂ ಸೀರೆ ಏರಿಸಿದರು. ಮಗ್ಗಗಳಿಗೆ ಬಿಡುವಿಲ್ಲದಂತಾಯಿತು. ಬೇನೆ ಮಾತ್ರ ಕೇರಿ ಬಿಡಲಿಲ್ಲ.

ಆ ಕೇರಿಯಲ್ಲಿ ಒಬ್ಬ ರೈತನಿದ್ದ. ಎರಡು ಕೂಸು ಕಳೆದುಕೊಂಡು ತೊಟ್ಟಿಲನ್ನು ಅಟ್ಟಕ್ಕೆ ಹಾಕಿದ್ದ. ಅವನ ಹೆಂಡತಿ ಮತ್ತೆ ಬಸುರಿಯಾದಳು. ಕರೆದು ಕರೆದು ಹೇಳಬೇಕಾದ ಸುದ್ದಿಯನ್ನು ಅವನು ಒಬ್ಬರ ಮುಂದೆಯೂ ಬಾಯಿಬಿಡಲಿಲ್ಲ. ಹೇಳಿದರೆ ಎಲ್ಲಿ ಇದೂ ಕೈಬಿಟ್ಟು ಹೋಗುತ್ತದೋ ಎಂದು ಭಯ.

ಅದೇ ವರ್ಷ ಆ ಊರಿಗೆ ಒಬ್ಬ ಪಂಡಿತ ಬಂದು ನೆಲೆಸಿದ. ನಾಡಿ ನೋಡುವವನು, ಬೇರು ಅರೆಯುವವನು. ಬಂದ ಹೊಸತರಲ್ಲಿ ಸಾವಾದ ಮನೆಗಳಿಗೆಲ್ಲ ಹೋಗಿ ಕೂತು ಕೇಳಿದ. ಆಮೇಲೆ ಅಲ್ಲಿಗೆ ಹೋಗುವುದನ್ನು ನಿಲ್ಲಿಸಿದ. ನೇಕಾರರ ಕೇರಿಯಲ್ಲಿ ಯಾವ ಕೂಸನ್ನು ತೊಟ್ಟಿಲಿಗೆ ಹಾಕಿದರೂ, ಕರೆಯದೆಯೇ ಹೋಗತೊಡಗಿದ. ಉಣ್ಣುತ್ತಿದ್ದ, ಕೂಸನ್ನು ಎತ್ತಿ ಆಡಿಸುತ್ತಿದ್ದ, ಹೆಂಗಸರನ್ನು ಏನೇನೋ ಕೇಳುತ್ತಿದ್ದ, ಹೆಗಲ ವಸ್ತ್ರದಲ್ಲಿ ಗುಗ್ಗರಿ ಕಟ್ಟಿಕೊಂಡು ಬರುತ್ತಿದ್ದ. ಊರಿನವರು ಅವನಿಗೆ ಹೋಳಿಗೆ ಪಂಡಿತ ಎಂದು ಹೆಸರಿಟ್ಟರು.

ಒಂದು ದಿನ ಬಾವಿಯ ಹತ್ತಿರ ರೈತ ಅವನನ್ನು ತಡೆದ.

“ಏನು ಪಂಡಿತರೇ, ಇವತ್ತು ಹೋಳಿಗೆಯೋ ಪಾಯಸವೋ?”

“ಎರಡೂ ಇತ್ತು.”

“ಸತ್ತ ಮನೆಯಲ್ಲಿ ಎಲೆ ಹಾಕುವುದಿಲ್ಲ ಅಂತ ನಮ್ಮ ಕೇರಿ ಬಿಟ್ಟಿರೇನು?”

ಪಂಡಿತ ಸಿಟ್ಟಾಗಲಿಲ್ಲ. “ಯಜಮಾನರೇ, ನಿಮ್ಮ ಕೇರಿಯಲ್ಲಿ ಕೂಸು ಯಾಕೆ ಸತ್ತಿತು ಅಂದರೆ ಎಲ್ಲರ ಹತ್ತಿರವೂ ಉತ್ತರವಿದೆ. ಒಬ್ಬರು ದೃಷ್ಟಿ ಅಂತಾರೆ, ಒಬ್ಬರು ಗ್ರಹ ಅಂತಾರೆ, ಒಬ್ಬರು ಅತ್ತೆಯ ಬಾಯಿ ಅಂತಾರೆ. ಆ ಕೇರಿಗೆ ಹೋಗಿ ಕೂಸು ಯಾಕೆ ಬದುಕಿತು ಅಂದರೆ ಒಬ್ಬರಿಗೂ ಗೊತ್ತಿಲ್ಲ. ಗೊತ್ತಿಲ್ಲ ಅನ್ನುವ ಕಡೆ ನನಗೆ ಕೆಲಸ.”

ರೈತನಿಗೆ ಮಾತು ಹಿಡಿಸಲಿಲ್ಲ. ಆದರೆ ಮರೆಯಲೂ ಇಲ್ಲ.

ಪಂಡಿತನ ಮೊದಲ ಊಹೆ ಬಾಣಂತಿಯರ ಊಟದ ಮೇಲೆ ಹೋಯಿತು. ನೇಕಾರರ ಬಾಣಂತಿಯರು ಏನು ಉಣ್ಣುತ್ತಾರೋ ಅದನ್ನೇ ರೈತರ ಮನೆಯೊಂದರಲ್ಲಿ ಉಣ್ಣಿಸಿ ನೋಡಿದ. ಕೂಸು ಉಳಿಯಲಿಲ್ಲ. ಅವನು ಆ ಮನೆಗೆ ಹೋಗಿ ಕೈಮುಗಿದ. ಮರುದಿನ ಊರ ಕಟ್ಟೆಯ ಮೇಲೆ ನಿಂತು, “ನನ್ನ ಊಹೆ ತಪ್ಪು. ಊಟದಿಂದ ಅಲ್ಲ. ಅಷ್ಟು ತಿಳಿಯಿತು,” ಎಂದ. ತನ್ನದು ತಪ್ಪು ಎನ್ನುವ ಪಂಡಿತನನ್ನು ಆ ಊರು ಅದುವರೆಗೆ ಕಂಡಿರಲಿಲ್ಲ. ಕೆಲವರು ನಕ್ಕರು. ರೈತ ನಗಲಿಲ್ಲ.

ಹೀಗಿರುವಾಗ ನೇಕಾರರ ಕೇರಿಯಲ್ಲೇ ಒಂದು ಕೂಸಿಗೆ ಬಾಯಿ ಬಿಗಿಯಿತು. ಅಲ್ಲಿ ಅದೇ ಮೊದಲು. ಪಂಡಿತ ಉಣ್ಣುವ ಎಲೆ ಬಿಟ್ಟು ಎದ್ದು ಹೋದ. ಅದೇ ಬಾವಿಯ ನೀರು, ಅದೇ ಊಟ, ಅದೇ ಸೂಲಗಿತ್ತಿ, ಸಟವಿ ತಾಯಿಗೆ ಅದೇ ಸೀರೆ. ಆ ಕೂಸೂ ಉಳಿಯಲಿಲ್ಲ. ಮನೆಯವರ ಅಳು ನಿಂತ ಮೇಲೆ ಯಜಮಾನನನ್ನು ಪಂಡಿತ ಕೇಳಿದ್ದು ಒಂದೇ ಮಾತು. “ನಿಮ್ಮ ಮನೆಯಲ್ಲಿ ಈ ವರ್ಷ ಹೊಸದಾಗಿ ಬಂದದ್ದೇನು?”

“ನಮಗೇನು ಬರುತ್ತದೆ ಪಂಡಿತರೇ. ಒಂದು ಹಸು ಕಟ್ಟಿದೆ. ಹಸು ಬಂತಲ್ಲ, ಹುಲ್ಲು ಕೊಯ್ಯಲು ಒಂದು ಕುಡುಗೋಲು ಬಂತು. ಅಷ್ಟೇ.”

ಪಂಡಿತ ಅಲ್ಲಿಂದ ನೇರವಾಗಿ ಸೂಲಗಿತ್ತಿಯ ಮನೆಗೆ ಹೋದ. ಅವಳು ಮುಚ್ಚುಮರೆಯಿಲ್ಲದೆ ಹೇಳಿದಳು. ರೈತರ ಮನೆಯಲ್ಲಿ ಹೊಕ್ಕುಳಬಳ್ಳಿ ಕೊಯ್ಯುವುದು ಕುಡುಗೋಲಿನಿಂದ. ಪೈರು ಕೊಯ್ಯುವ ಕುಡುಗೋಲೆಂದರೆ ಲಕ್ಷ್ಮಿ, ಅದರಿಂದ ಕೊಯ್ದರೆ ಕೂಸಿಗೆ ಅನ್ನ ತಪ್ಪುವುದಿಲ್ಲ ಎಂಬ ನಂಬಿಕೆ. ಕೊಯ್ದ ಮೇಲೆ ಗಾಯಕ್ಕೆ ಗೋಮಯ ಹಚ್ಚುವುದು. ನೇಕಾರರಿಗೆ ಹಸುವೂ ಇಲ್ಲ, ಕುಡುಗೋಲೂ ಇಲ್ಲ. ಅವರು ನೂಲು ಕತ್ತರಿಸುವ ಚೂರಿಯನ್ನೇ ಕೊಡುತ್ತಾರೆ. ನೂಲಿಗೆ ಹಾಕುವ ಗಂಜಿ ಮೆತ್ತಿಕೊಂಡರೆ ಅಂಟುತ್ತದೆಂದು ಆ ಚೂರಿಯನ್ನು ತಿಕ್ಕಿ ಕುದಿಯುವ ನೀರಿನಲ್ಲೇ ಇಟ್ಟಿರುತ್ತಾರೆ. ಕಟ್ಟುವುದಕ್ಕೂ ಗಂಜಿಯಲ್ಲಿ ಬೆಂದ ನೂಲೇ. ಹಚ್ಚುವುದು ಏನೂ ಇಲ್ಲ.

“ಪಾಪ, ಬಡವರು. ಅವರ ಹತ್ತಿರ ಏನಿದೆ ಹಚ್ಚಲಿಕ್ಕೆ?” ಎಂದಳು ಸೂಲಗಿತ್ತಿ. “ಈ ಸಲ ಹಸು ಕಟ್ಟಿದವನ ಮನೆಯಲ್ಲಿ ಮಾತ್ರ ಎಲ್ಲವನ್ನೂ ದೊಡ್ಡವರ ಮನೆಯ ಹಾಗೆ ಮಾಡಿದೆ.”

ಹೇಳಿ ಮುಗಿಸಿದವಳು ತನ್ನ ಮಾತನ್ನು ತಾನೇ ಕೇಳಿಸಿಕೊಂಡು ಬಾಯಿಗೆ ಸೆರಗು ಒತ್ತಿದಳು.

ಪಂಡಿತ ಅವಳನ್ನು ಕರೆದುಕೊಂಡು ರೈತನ ಮನೆಗೆ ಬಂದ. ರೈತನ ಹೆಂಡತಿಗೆ ಅಷ್ಟೊತ್ತಿಗೆ ದಿನ ತುಂಬಿತ್ತು. ಪಂಡಿತ ತಾನು ಕಂಡದ್ದನ್ನು ಹೇಳಿದ. “ಹೊಲದ ಮಣ್ಣಿನಲ್ಲಿ, ಸಗಣಿಯಲ್ಲಿ ಕಣ್ಣಿಗೆ ಕಾಣದ ಒಂದು ವಿಷವಿದೆ. ನಮಗೆ ನಿಮಗೆ ಅದು ಮೈಮೇಲೆ ಬಿದ್ದರೂ ಏನೂ ಆಗುವುದಿಲ್ಲ. ಹಸಿ ಹೊಕ್ಕುಳು ಅದಕ್ಕೆ ತೆರೆದ ಬಾಗಿಲು.”

ರೈತ ಮೂಲೆಯಲ್ಲಿದ್ದ ಕುಡುಗೋಲಿನ ಕಡೆ ನೋಡಿದ. ಆಮೇಲೆ ಕೇಳಿದ. “ಗೋಮಯದಿಂದ ದೇವರ ಮನೆ ಸಾರಿಸುತ್ತೇವೆ. ಕುಡುಗೋಲಿಗೆ ಪೂಜೆ ಮಾಡುತ್ತೇವೆ. ನನ್ನ ಮನೆಯಲ್ಲಿ ಯಾವುದು ಎಲ್ಲಕ್ಕಿಂತ ಪವಿತ್ರವೋ ಅದನ್ನೇ ನನ್ನ ಮಕ್ಕಳಿಗೆ ಕೊಟ್ಟೆ. ಅದೇ ಅವರನ್ನು ಕೊಂದಿತು ಅನ್ನುತ್ತೀರಾ?”

ಪಂಡಿತ ತಲೆ ತಗ್ಗಿಸಿದ.

ಒಳಗಿನಿಂದ ರೈತನ ಹೆಂಡತಿ ಮಾತಾಡಿದಳು. “ನೀವು ಹೊಲದಿಂದ ಬಂದವರು ಕಾಲು ತೊಳೆಯದೆ ದೇವರ ಮನೆಗೆ ಹೋಗುತ್ತೀರಾ?”

“ಎಲ್ಲಾದರೂ ಉಂಟೇ?”

“ಕುಡುಗೋಲೂ ಹೊಲದಿಂದಲೇ ಬರುತ್ತದಲ್ಲ. ಅದಕ್ಕೂ ಒಂದು ಸ್ನಾನ ಮಾಡಿಸಿ ಒಳಗೆ ಕರೆಯಿರಿ. ಗೋಮಯ ಹೊಸ್ತಿಲಿಗಿರಲಿ. ಅಷ್ಟಕ್ಕೆ ಯಾವ ದೇವರು ಬೇಡ ಅನ್ನುತ್ತಾನೆ?”

ರೈತ ಎದ್ದು ಹೋಗಿ ಬಚ್ಚಲೊಲೆಗೆ ಬೆಂಕಿ ಹಾಕಿದ.

ಹಂಡೆಯ ನೀರು ಕೊತಕೊತ ಕುದಿಯಿತು. ಸೂಲಗಿತ್ತಿ ಕುಡುಗೋಲನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು. “ಬಾಣಂತಿಗೆ ಎರೆದದ್ದಾಯಿತು, ಕೂಸಿಗೆ ಎರೆದದ್ದಾಯಿತು. ಈ ವಯಸ್ಸಿನಲ್ಲಿ ಕುಡುಗೋಲಿಗೆ ಎರೆಯುವುದೊಂದು ಬಾಕಿ ಇತ್ತು. ಬೆನ್ನು ತಿಕ್ಕಬೇಕೋ ಪಂಡಿತಪ್ಪ?”

“ಚೆನ್ನಾಗಿ ತಿಕ್ಕಜ್ಜಿ. ಹಾಗೆಯೇ ನಿನ್ನ ಕೈಯನ್ನೂ.”

ಹೆಣ್ಣು ಕೂಸು ಹುಟ್ಟಿತು. ನೇಕಾರರ ಮನೆಯಿಂದ ಬೆಂದ ನೂಲು ತರಿಸಿ ಕಟ್ಟಿದರು. ಮಿಂದ ಕುಡುಗೋಲಿನಿಂದ ಕೊಯ್ದರು. ಮತ್ತೇನನ್ನೂ ಮುಟ್ಟಿಸಲಿಲ್ಲ.

ಏಳನೆಯ ದಿನ ಬೆಳಿಗ್ಗೆ ರೈತ ಹೊಲಕ್ಕೆ ಹೋಗಲಿಲ್ಲ. ಅಂಗಳದಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದ. ಹೊಸೆದದ್ದನ್ನೇ ಬಿಚ್ಚಿ ಮತ್ತೆ ಹೊಸೆಯುತ್ತಿದ್ದ. ಒಳಗೆ ಸದ್ದಿರಲಿಲ್ಲ. ಹಿಂದಿನ ಎರಡು ಸಲವೂ ಒಳಗೆ ಹೀಗೆಯೇ ಸದ್ದಿರಲಿಲ್ಲ. ಅವನ ಕೈ ನಿಂತುಹೋಯಿತು.

ಆಗ ಕೂಸು ಅತ್ತಿತು. ಕೊಟ್ಟಿಗೆಯ ಎಮ್ಮೆ ಕತ್ತು ತಿರುಗಿಸಿ ನೋಡುವಷ್ಟು ಜೋರಾಗಿ ಅತ್ತಿತು. ಬಾಯಿ ಅಗಲವಾಗಿ ತೆರೆದಿದ್ದರಲ್ಲವೇ ಅಂಥ ಅಳು?

ಸೂಲಗಿತ್ತಿ ಬಾಗಿಲಿಗೆ ಬಂದಳು. “ಮೊಲೆ ಕೊಡುವುದು ತುಸು ತಡವಾಯಿತಂತೆ. ಅದಕ್ಕೆ ಅವ್ವನ ಮೇಲೆ ಜಗಳ. ಈಗ ನೋಡು, ಬಿಡು ಅಂದರೂ ಬಿಡವಲ್ಲದು. ನಿನ್ನ ಮಗಳೇ ಸರಿ.”

ರೈತ ಹಗ್ಗ ಅಲ್ಲೇ ಬಿಟ್ಟು ಅಟ್ಟ ಹತ್ತಿದ. ತೊಟ್ಟಿಲನ್ನು ಇಳಿಸಿ ಅಂಗಳದಲ್ಲಿಟ್ಟು, ಕೇರಿಯವರೆಲ್ಲ ನೋಡುವಂತೆ ತಾನೇ ತೊಳೆದ. ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಸುದ್ದಿಯನ್ನು ಆವತ್ತು ದಾರಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ ಹೇಳಿದ.

ತೊಟ್ಟಿಲಿಗೆ ಹಾಕುವ ದಿನ ಮೊದಲ ಎಲೆ ಪಂಡಿತನಿಗೆ. ರೈತ ತಾನೇ ನಿಂತು ಹೋಳಿಗೆ ಬಡಿಸಿದ. ಪಂಡಿತ ಎಲೆಗೆ ಕೈ ಅಡ್ಡ ಹಿಡಿದು “ಸಾಕು” ಎಂದ.

“ಆ ಮಾತು ನಿಮಗೂ ಬರುತ್ತದೆ ಅಂತ ಇವತ್ತೇ ಗೊತ್ತಾದದ್ದು,” ಎಂದ ರೈತ. ಪಂಕ್ತಿಯೆಲ್ಲ ನಕ್ಕಿತು. ಪಂಡಿತನೂ ನಕ್ಕ. ಕೈ ತೆಗೆದ.

ಉಂಡ ಮೇಲೆ ಪಂಡಿತ ಹೇಳಿದ. “ಒಂದು ಕೂಸು ಉಳಿದದ್ದಕ್ಕೆ ನನ್ನನ್ನು ನಂಬಬೇಡಿ. ಹಿಂದೆಯೂ ಕೆಲವು ಕೂಸು ಉಳಿದದ್ದುಂಟು. ಇನ್ನೂ ಹಲವು ಮನೆ ನೋಡಿ, ಆಮೇಲೆ ನಂಬಿ.”

ರೈತ ಕಾಯಲಿಲ್ಲ. ಯಾವ ಮನೆಯಲ್ಲಿ ಹೆರಿಗೆ ನೋವು ಬಂದರೂ ತನ್ನ ಹಂಡೆಯನ್ನು ಹೊತ್ತು ಅಲ್ಲಿಗೆ ಹೋದ. ಬೇಡ ಎಂದವರ ಅಂಗಳದಲ್ಲೂ ಒಲೆ ಹೂಡಿದ. ಒಂದು ಮನೆಯಲ್ಲಿ ಕೂಸು ಉಳಿಯಿತು. ಪಕ್ಕದ ಮನೆಯಲ್ಲೂ ಉಳಿಯಿತು. ಆಚೆ ಮನೆಯಲ್ಲಿ ಅವಳಿ ಹುಟ್ಟಿ ಎರಡೂ ಉಳಿದವು. ಮರುವರ್ಷದ ಸಂಕ್ರಾಂತಿಯ ಹೊತ್ತಿಗೆ ಬಡಗಿಗೆ ನೇಗಿಲು ಮಾಡಲು ಪುರುಸೊತ್ತಿಲ್ಲ, ಬರೀ ತೊಟ್ಟಿಲು. ಹೆಂಗಸರು ಕುಡುಗೋಲಿಗೆ ಎರೆಯುವುದಕ್ಕೊಂದು ಹಾಡು ಕಟ್ಟಿದರು. ನೇಕಾರರು ಬೆಂದ ನೂಲಿನ ಉಂಡೆಯನ್ನು ಸಟವಿ ತಾಯಿಯ ಗುಡಿಯಲ್ಲೇ ಇಟ್ಟರು, ಬೇಕಾದವರು ಒಯ್ಯಲಿ ಎಂದು. ತಾಯಿಗೆ ಸೀರೆ ಏರಿಸುವುದನ್ನು ಯಾರೂ ಬಿಡಲಿಲ್ಲ. ಪಂಡಿತನಿಗೆ ಮಾತ್ರ ಹೊಟ್ಟೆ ಬಂತು. ಎರಡು ಕೇರಿಯ ಹೋಳಿಗೆ ಒಬ್ಬನೇ ಎಷ್ಟೆಂದು ತಿನ್ನುತ್ತಾನೆ?

ಗುರುಗಳು ಕತೆ ನಿಲ್ಲಿಸಿ ಆರಿಸಿದ ಪತ್ರೆಗಳಿಗೆ ನೀರು ಚಿಮುಕಿಸಿದರು.

ನಾಗಲಿಂಗ ನಗುತ್ತಿದ್ದ. ಆ ನಗುವಿನೊಳಗೇ ಅವನ ಮೊದಲ ಪ್ರಶ್ನೆ ಮತ್ತೆ ತಲೆಯೆತ್ತಿತು. “ಹಾಗಾದರೆ ಗುರುಗಳೇ, ಆ ಪಂಡಿತನಿಗಾಗಿ ಸಟವಿ ತಾಯಿ ತನ್ನ ಬರಹವನ್ನೇ ಬದಲಿಸಿದಳೇ?”

“ಇಲ್ಲಪ್ಪ. ಅವಳು ಮೊದಲಿನಿಂದಲೂ ನೂರು ವರ್ಷವೆಂದೇ ಬರೆಯುತ್ತಿದ್ದಳು. ಒರೆಸುತ್ತಿದ್ದದ್ದು ನಮ್ಮ ಕೈ.”