ನುಸಿಗುಳಿಗೆ ಮತ್ತು ಎಂಜಿನ್

ಎಂದಿನಂತೆ ಪೆಟ್ರೋಲ್ ಹಾಕಿಸಿದ ಒಂದು ಸೋಮವಾರ, ಮೈಲೇಜ್ ಹೆಚ್ಚೀತೆಂದು ಆಟೊ ಓಡಿಸುವ ಚನ್ನವೀರ ಬಟ್ಟೆಗಿಡುವ ಎರಡು ನುಸಿಗುಳಿಗೆಗಳನ್ನು ಟ್ಯಾಂಕಿಗೆ ಹಾಕಿದ. ಆ ವಾರ ಲೀಟರಿಗೆ ನಾಲ್ಕು ಕಿಲೋಮೀಟರ್ ಹೆಚ್ಚು ಸಿಕ್ಕಿತು.

"ನೋಡಿದೆಯಾ ಮುದುಕಪ್ಪಾ, ನನ್ನ ಕೈಗುಣ!" ಎಂದಿತು ಕರಗಿದ ಗುಳಿಗೆ.

"ಮೈಲೇಜ್ ಅಳೆಯುವ ವಾರವೆಂದು ಅವನೇ ಮೆಲ್ಲಗೆ ಓಡಿಸಿದನಮ್ಮಾ," ಎಂದಿತು ಎಂಜಿನ್. "ಚಳಿಗೆ ನೀನು ಹರಳುಗಟ್ಟಿದರೆ ನನ್ನ ಉಸಿರು ನಿಲ್ಲುತ್ತದೆ."

"ಹೊಟ್ಟೆಕಿಚ್ಚು ನಿನಗೆ!"

ಚನ್ನವೀರ ಪ್ರತಿ ವಾರವೂ ಗುಳಿಗೆ ಹಾಕಿದ. ಚಳಿಗಾಲದ ಒಂದು ಬೆಳಿಗ್ಗೆ, ಹೆರಿಗೆನೋವೆದ್ದ ಮಗಳನ್ನು ಆಸ್ಪತ್ರೆಗೆ ಒಯ್ಯುವಾಗ, ಹರಳಾದ ಗುಳಿಗೆ ಪೆಟ್ರೋಲಿನ ದಾರಿ ಕಟ್ಟಿತು. ಎಂಜಿನ್ ಕೆಮ್ಮಿ ನಿಂತಿತು.

"ಇವತ್ತೊಂದು ದಿನ ಕೈಬಿಡಬೇಡಪ್ಪಾ," ಎಂದು ಚನ್ನವೀರ ಬೇಡಿದ. ಎಂಜಿನ್ನಿಗೆ ಕೇಳಿಸಿತು, ಉಸಿರಿರಲಿಲ್ಲ.

ಮಗಳ ಕೂಗು ನಿಂತ ಮೇಲೂ ಅವನು ಸ್ಟಾರ್ಟ್ ಮಾಡುವ ಹಿಡಿಕೆಯನ್ನು ಎಳೆಯುತ್ತಲೇ ಇದ್ದ.

ಟ್ಯಾಂಕಿನಲ್ಲಿ ಇನ್ನೂ ಮೂರು ಲೀಟರ್ ಪೆಟ್ರೋಲ್ ಇತ್ತು.