ಬಾರದವನ ಕಟ್ಟೆ

ಕರಿಗುಡ್ಡದ ವಿಶ್ವವಿದ್ಯಾಲಯಕ್ಕೆ ಬಂದವರು ಗ್ರಂಥಾಲಯ ನೋಡುತ್ತಾರೆ, ಗುಡ್ಡದ ನೆತ್ತಿಯ ನೀರಿನ ಟಾಕಿಯ ಹತ್ತಿರ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ, ಇಳಿದು ಬರುವಾಗ ಎಡಗಡೆಯ ದೊಡ್ಡ ಬಯಲನ್ನು ಕಂಡು ಇಷ್ಟು ಜಾಗ ಸುಮ್ಮನೆ ಬಿಟ್ಟಿದ್ದಾರಲ್ಲ ಎಂದು ಮರುಗುತ್ತಾರೆ. ಸುಮ್ಮನೆ ಯಾರೂ ಬಿಟ್ಟಿಲ್ಲ ಸ್ವಾಮಿ, ಆ ಜಾಗದ ಮೇಲೆ ಕಣ್ಣು ಹಾಕದ ಅಧಿಕಾರಿ ಇಲ್ಲಿಗೆ ಬಂದೇ ಇಲ್ಲ. ಬಯಲಿನ ಅಂಚಿನಲ್ಲಿ ಒಂದು ಬೇವಿನ ಮರ, ಅದರ ಸುತ್ತ ಸೊಂಟದೆತ್ತರದ ಕರಿಗಲ್ಲಿನ ಕಟ್ಟೆ. ಬಾರದವನ ಕಟ್ಟೆ ಎಂದು ಅದರ ಹೆಸರು. ಯಾವನೋ ಒಬ್ಬ ಪ್ರೇಮಿಗಾಗಿ ಹುಡುಗಿಯೊಬ್ಬಳು ಅಲ್ಲಿ ಕಾದು ಕೂತಿದ್ದಳಂತೆ ಎಂದು ಈಗೀಗ ಹೇಳತೊಡಗಿದ್ದಾರೆ. ಹುಡುಗಿಯೂ ಇಲ್ಲ, ಗಿಡುಗಿಯೂ ಇಲ್ಲ. ಮರದ ಕೆಳಗೆ ಒಂದು ಕಲ್ಲು ಕಂಡರೆ ಸಾಕು, ಜನಕ್ಕೆ ಅಲ್ಲೊಂದು ಪ್ರೇಮಕಥೆ ಬೇಕೇ ಬೇಕು. ನಾನು ಇಲ್ಲಿ ಪಾಠ ಹೇಳಲು ಸೇರಿದಾಗ ಹಾಸ್ಟೆಲ್ಲಿನ ಅಡಿಗೆಯ ಪಾರವ್ವ ಇನ್ನೂ ಬದುಕಿದ್ದಳು. ಅವಳ ಬಾಯಿಂದ ಕೇಳಿದ್ದನ್ನೂ ಹಿರಿಯ ಅಧ್ಯಾಪಕರು ಹೇಳಿದ್ದನ್ನೂ ಕೂಡಿಸಿ ಹೇಳುತ್ತಿದ್ದೇನೆ.

ಹಿಂದೆ ಒಮ್ಮೆ ಇದೆಲ್ಲ ಎರೆಹೊಲವಾಗಿತ್ತು. ವಿಶ್ವವಿದ್ಯಾಲಯ ತೆರೆದ ದಿನ ಮೊದಲ ಕುಲಪತಿಗಳು ಈ ಕಟ್ಟೆಯ ಮೇಲೆ ನಿಂತು, ಸುತ್ತಲ ಹಳ್ಳಿಗಳ ಜನರೆಲ್ಲ ಕೇಳುವಂತೆ ಒಂದು ಮಾತು ಕೊಟ್ಟರು ಎನ್ನುತ್ತಾರೆ. ಕಟ್ಟಡಗಳು ಕಚೇರಿಯವು, ಈ ಬಯಲು ಮಾತ್ರ ಹುಡುಗರದು. ಇಲ್ಲಿ ಯಾರು ಆಡಬೇಕು, ಯಾವಾಗ ನಾಟಕ ಆಗಬೇಕು, ಯಾರ ದನ ಮೇಯಬಹುದು ಎಂಬುದನ್ನೆಲ್ಲ ವಿದ್ಯಾರ್ಥಿಗಳೇ ದಿನಾ ಹೊತ್ತು ಮುಳುಗುವ ಮುಂಚೆ ಕಟ್ಟೆಯ ಮೇಲೆ ಸಭೆ ಕೂಡಿ ತೀರ್ಮಾನಿಸಬೇಕು. ಆದರೆ ಯಾವ ಸಂಜೆ ಕಟ್ಟೆ ಬರಿದಾಗಿ ಉಳಿಯಿತೋ ಅಂದಿಗೆ ಬಯಲು ಕಚೇರಿಗೆ ಸೇರಿತು. ತಮ್ಮದೆನ್ನುವವರು ದಿನಕ್ಕೊಮ್ಮೆಯಾದರೂ ಬಂದು ಕೂರಲಿ ಎಂಬುದು ಅವರ ಆಸೆಯಿದ್ದಿರಬೇಕು. ಕಾಗದಪತ್ರ ಏನೂ ಆಗಲಿಲ್ಲ, ಆ ಕಾಲದಲ್ಲಿ ದೊಡ್ಡವರ ಮಾತೇ ಸಾಕಾಗಿತ್ತು. ಹುಡುಗರೂ ಆ ಮಾತನ್ನು ಉಳಿಸಿಕೊಂಡರು. ರಜೆಯಲ್ಲಿ ಕೂಡ ನಾಲ್ಕು ಜನ ಉಳಿದೇ ಉಳಿಯುತ್ತಿದ್ದರು, ಸಭೆ ತಪ್ಪುತ್ತಿರಲಿಲ್ಲ. ಸಭೆಗೆ ಅದರದೇ ಕಟ್ಟಳೆಗಳೂ ಬೆಳೆದವು. ಸಭೆಗೆ ಅಡ್ಡಿಯಾದವನನ್ನು ಕಟ್ಟೆಯಿಂದ ಕೆಳಗಿಳಿಸುತ್ತಿದ್ದರು. ಇಳಿದವನು ನೆಲದ ಮೇಲೆ ಕೂರಬೇಕು, ಬಾಯಿ ತೆರೆಯಬಾರದು. ಮುಂದೆ ಎಂದಾದರೂ ಸಭೆಯೆಲ್ಲ ಒಂದೇ ದನಿಯಲ್ಲಿ 'ಮ್ಯಾಲ ಬಾ' ಎಂದು ಕರೆದರೆ ಹತ್ತಿ ಬರಬಹುದು. ಬಹುಮಟ್ಟಿಗೆ ಎರಡು ಮೂರು ಸಂಜೆಯೊಳಗೆ ಕರೆದುಬಿಡುತ್ತಿದ್ದರು.

ಆಗ ಇತಿಹಾಸ ಓದಲು ಈರಸಂಗಪ್ಪ ಎಂಬವನು ಬಂದ. ಹುಟ್ಟುತ್ತಲೇ ತಾಯಿಯನ್ನು ಕಳೆದುಕೊಂಡು ಅಕ್ಕನ ಗಂಡನ ಮನೆಯಲ್ಲಿ ಬೆಳೆದವನು. ಅನ್ನ ಹಾಕಿದ ಮನೆ ಅದು, ಕೆಟ್ಟ ಮನೆ ಎನ್ನಲಾರೆ. ಆದರೆ ಮನೆಯವರೆಲ್ಲ ಉಂಡಾದ ಮೇಲೆ ಕರೆಯುತ್ತಿದ್ದರು, ಕರೆದ ಮೇಲೆ ಇವನು ಒಳಗೆ ಹೋಗುತ್ತಿದ್ದ. ಆ ರೂಢಿ ಮೈಗೆ ಹತ್ತಿಬಿಟ್ಟಿತ್ತು. ಹಾಸ್ಟೆಲ್ಲಿನ ಪಂಕ್ತಿಯಲ್ಲಿ ಕೂಡ ಪಾರವ್ವ 'ಬಾರಪಾ' ಅನ್ನುವವರೆಗೆ ಬಾಗಿಲಲ್ಲೇ ನಿಂತಿರುತ್ತಿದ್ದನಂತೆ. ಇಂಥ ಸಂಕೋಚದ ಪ್ರಾಣಿ ಕಟ್ಟೆ ಹತ್ತಿದನೆಂದರೆ ಮಾತ್ರ ಬೇರೆಯೇ ಮನುಷ್ಯ. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ. ಎಲ್ಲರೂ ಆಗಲಿ ಎಂದದ್ದಕ್ಕೆ ಇವನು ಎದ್ದು ನಿಂತು 'ನನ್ನದೊಂದು ತಕರಾರು ಅದ' ಎನ್ನುತ್ತಿದ್ದ. ನಾಟಕದ ಚಪ್ಪರ ಹಾಕಿದರೆ ಹಳ್ಳಿಯ ಹೆಂಗಸರು ನೀರು ತರುವ ಕಾಲುದಾರಿ ಮುಚ್ಚುತ್ತದಲ್ಲ, ಅವರನ್ನು ಯಾರು ಕೇಳಿದಿರಿ? ನಾಟಕದ ಮುಂದಿನ ಸಾಲಿನಲ್ಲಿ ಯಾವಾಗಲೂ ಅಧಿಕಾರಿಗಳೇ ಯಾಕೆ ಕೂರಬೇಕು? ಅವನ ತಕರಾರುಗಳಲ್ಲಿ ಅರ್ಧಕ್ಕರ್ಧ ನ್ಯಾಯವಾದವೇ. ಆದರೆ ದಿನಾ ನ್ಯಾಯ ಕೇಳುವಷ್ಟು ತಾಳ್ಮೆ ಯಾರಿಗಿರುತ್ತದೆ ಹೇಳಿ. ತಕರಾರು ಈರಸಂಗಪ್ಪ ಎಂದೇ ಹೆಸರಾಯಿತು, ಅವನ ಪಕ್ಕ ಕೂರುವವರು ಕಡಿಮೆಯಾದರು.

ಸಭೆಗೆ ಆ ವರ್ಷ ದಾನಪ್ಪ ಎಂಬ ಹಾಕಿ ಆಟಗಾರ ಹಿರಿಯನಾಗಿದ್ದ. ಪಂದ್ಯ ಹತ್ತಿರ ಬಂದಿತ್ತು, ಇಡೀ ತಿಂಗಳು ಬಯಲೆಲ್ಲ ಹಾಕಿಯವರಿಗೇ ಇರಲಿ ಎಂದು ಮಾತು ಬಂತು. ಈರಸಂಗಪ್ಪ ಎದ್ದ. ಉಳಿದವರು ಎಲ್ಲಿ ಹೋಗಬೇಕು ಎಂದ. ಅಂದು ಒಂದು ಹೇಳಿದ, ಮರುದಿನ ಇನ್ನೊಂದು ಹೇಳಿದ, ಹೊತ್ತು ಮುಳುಗಿದರೂ ತೀರ್ಮಾನವಾಗದೆ ಸಭೆ ಏಳಬೇಕಾಯಿತು. ಅಭ್ಯಾಸ ಕೆಟ್ಟಿತು, ಪಂದ್ಯ ಸೋತರು. ಸೋತು ಬಂದ ಸಂಜೆ ಸಭೆಯ ಕಣ್ಣೆಲ್ಲ ಕೆಂಪಗಿತ್ತು. ದಾನಪ್ಪ ಬೆರಳು ತೋರಿಸಿ, 'ಕೆಳಗಿಳಿ. ನಾವು ಕರದಾಗ ಬಾ' ಎಂದ. ಈರಸಂಗಪ್ಪ ತಕರಾರಿಲ್ಲದೆ ಇಳಿದು ನೆಲದ ಮೇಲೆ ಕೂತ. ಎರಡು ಸಂಜೆ ಹೋಯಿತು, ವಾರ ಹೋಯಿತು, ಯಾರೂ ಕರೆಯಲಿಲ್ಲ. ಅವನಿಲ್ಲದೆ ಸಭೆ ಬೇಗ ಮುಗಿಯುತ್ತಿತ್ತು, ಅದರ ಸುಖವೂ ಅವರಿಗೆ ಹತ್ತಿತ್ತು. ಅವನು ಮಾತ್ರ ದಿನಾ ಬಂದು ಕೆಳಗೆ ಕೂತು, ಮೇಲೆ ನಡೆಯುವುದನ್ನು ಕೇಳಿ ಎದ್ದು ಹೋಗುತ್ತಿದ್ದ.

ಹೀಗಿರುವಾಗ ಹಾಸ್ಟೆಲ್ಲಿನ ಬಾವಿ ಕೆಟ್ಟು ಕಾಮಾಲೆ ಹಬ್ಬಿತು. ವೈದ್ಯರು ಬಂದು ನೋಡಿ, ಹುಡುಗರನ್ನೆಲ್ಲ ಊರಿಗೆ ಕಳಿಸಿ ಎಂದರು. ಒಂದೇ ದಿನದಲ್ಲಿ ಟ್ರಂಕು ಹಾಸಿಗೆ ಹೊತ್ತು ಎಲ್ಲರೂ ಹೊರಟರು. ಅವಸರದಲ್ಲಿ, ಹೆದರಿಕೆಯಲ್ಲಿ, ಕಟ್ಟೆಯ ನೆನಪು ಯಾರಿಗೂ ಬರಲಿಲ್ಲ. ಉಳಿದವನು ಈರಸಂಗಪ್ಪ ಒಬ್ಬನೇ. ಅಕ್ಕನ ಮನೆಯಿಂದ ಕರೆ ಬಂದಿರಲಿಲ್ಲ, ಕರೆಯದೆ ಹೇಗೆ ಹೋಗುವುದು? ಪಾರವ್ವ ಹಿತ್ತಲ ಗುಡಿಸಲಲ್ಲಿ ಇದ್ದಳು, ದೂರದಿಂದ ನೀರು ತಂದು ಕಾಯಿಸಿ ಅವನಿಗೆರಡು ರೊಟ್ಟಿ ಬಡಿದು ಕೊಡುತ್ತಿದ್ದಳು.

ಹುಡುಗರು ಹೊರಟ ದಿನ ಸಂಜೆಯೇ ಕುಲಸಚಿವರು, ಹಣಗಿ ಸಾಹೇಬರು, ಬಯಲಿಗೆ ಬಂದರು. ಅಧಿಕಾರಿಗಳ ಬಂಗಲೆ ಕಟ್ಟಿಸಲು ಜಾಗ ಹುಡುಕಿ ಸಾಕಾಗಿದ್ದ ಮನುಷ್ಯ. ಕಟ್ಟೆ ಬರಿದಾಗಿತ್ತು. ಕೆಳಗೆ ಎಂದಿನ ಜಾಗದಲ್ಲಿ ಈರಸಂಗಪ್ಪ ಕೂತಿದ್ದ. ಇವತ್ತಿಗೆ ಹುಡುಗರ ಸಭೆ ಮುಗಿಯಿತಲ್ಲಪ್ಪ, ಹೊತ್ತು ಮುಳುಗಿದೊಡನೆ ಬಯಲು ನಮ್ಮದು, ನೀನೇ ಸಾಕ್ಷಿ ಎಂದು ಸಾಹೇಬರು ಮೆತ್ತಗೆ ಹೇಳಿದರು. ರೊಟ್ಟಿ ತಂದಿದ್ದ ಪಾರವ್ವ ಮೇಲೆ ಹತ್ತಿ ಕೂರಪ್ಪ ಎಂದು ಕಣ್ಸನ್ನೆ ಮಾಡಿದಳು. ಅವನ ಸಂಕಟ ಅವಳಿಗೆ ಆಗ ತಿಳಿಯಲಿಲ್ಲ, ನಂತರ ತಿಳಿಯಿತಂತೆ. ಹತ್ತಿದರೆ ಸಭೆಯ ಮಾತು ಮುರಿಯುತ್ತದೆ, ಅದೂ ಸಭೆಯೇ ಊರಿನಲ್ಲಿಲ್ಲದಾಗ. ಹತ್ತದಿದ್ದರೆ ಸಭೆ ಕೂರಲು ಜಾಗವೇ ಉಳಿಯುವುದಿಲ್ಲ. ಕರೆಯದೆ ಎಲ್ಲಿಗೂ ಹೋಗದವನು, ಇಳಿಸಿದವರ ಜಾಗ ಉಳಿಸಲು ಈಗ ಕರೆಯದೆ ಹತ್ತಬೇಕು. ಸೂರ್ಯನ ಅಂಚು ನೆಲಕ್ಕೆ ತಾಕುವಾಗ ಅವನೆದ್ದು ಚಪ್ಪಲಿ ಕಳಚಿ ಕಟ್ಟೆ ಹತ್ತಿದ. ನಡುವೆ ಕೂರಲಿಲ್ಲ, ಬೀಳುವಷ್ಟು ಅಂಚಿಗೆ ಕೂತ.

'ಸಾಹೇಬ್ರ, ಸಭಾ ಚಾಲೂ ಆತು,' ಎಂದ. 'ಮೊದಲನೇ ವಿಚಾರ ನಂದ. ಸಭೆ ಕರೀದ ನಾ ಮ್ಯಾಲ ಬಂದೇನಿ. ಇದು ತಪ್ಪ. ಎಲ್ಲಾರೂ ಬಂದ ಮ್ಯಾಲ ಇದರ ತೀರ್ಮಾನ ಆಗಲಿ.'

ಸಾಹೇಬರು ಮೊದಲ ಕುಲಪತಿಗಳು ಕೊಟ್ಟ ಮಾತಿಗೆ ತಪ್ಪುವವರಾಗಿರಲಿಲ್ಲ, ಅಷ್ಟರಮಟ್ಟಿಗೆ ಅವರನ್ನು ಮೆಚ್ಚಬೇಕು. ತಿರುಗಿ ಹೋದರು. ಮುಂದೆಯೂ ಬಂದು ದೂರದಲ್ಲಿ ನಿಂತು ನೋಡಿ ಹೋಗುತ್ತಿದ್ದರು. ಮಳೆಗಾಲವಿಡೀ ಹಾಸ್ಟೆಲ್ ಮುಚ್ಚಿತ್ತು, ಅಷ್ಟು ಕಾಲವೂ ಈರಸಂಗಪ್ಪ ಒಬ್ಬನೇ ಸಭೆ ನಡೆಸಿದ. ಸುಮ್ಮನೆ ಕೂತು ಎದ್ದರೂ ಆಗುತ್ತಿತ್ತಲ್ಲ, ಅದು ಅವನ ಜಾಯಮಾನವಲ್ಲ. ಒಂದು ವಿಷಯ ಎತ್ತುವನು. ದಾನಪ್ಪ ಇದ್ದಿದ್ದರೆ ಏನನ್ನುತ್ತಿದ್ದ ಎಂದು ಯೋಚಿಸಿ ದಾನಪ್ಪನ ಪರವಾಗಿ ಮಾತಾಡುವನು. ತನ್ನನ್ನು ಇಳಿಸಿರೆಂದು ಕೂಗಿದವರ ಮಾತನ್ನೂ ಬಿಡದೆ, ಅವರವರ ಪಾಲಿನ ನ್ಯಾಯವನ್ನು ಅವರವರಿಗೆ ಕೊಡುವನು. ಕೊನೆಗೆ ತನ್ನದೊಂದು ತಕರಾರು ಹೇಳಿ ಸುಮ್ಮನಾಗುವನು. ಯಾರಾದರೂ 'ಏ ಸಾಕು ಕುಂದ್ರೋ' ಎಂದು ಗದರಲಿ ಎಂದು ಕಾದಂತೆ ಕಾಣುತ್ತಿತ್ತು ಎಂದು ಪಾರವ್ವ ಹೇಳುವಾಗ ಅವಳ ಕಣ್ಣು ತುಂಬುತ್ತಿತ್ತು. ಗದರುವವರೂ ಇಲ್ಲದ ಮೇಲೆ ಮನುಷ್ಯನಿಗೆ ಏನು ಉಳಿಯುತ್ತದೆ? ಮಳೆ ಬಂದರೆ ಗೋಣಿಚೀಲ ಹೊದ್ದು ಕೂರುತ್ತಿದ್ದ. ನಾನೂ ಬಂದು ಪಕ್ಕ ಕೂರಲೇನಪ್ಪ ಎಂದು ಅವಳು ಒಮ್ಮೆ ಕೇಳಿದಳಂತೆ. ಬೇಡವ್ವ, ಇದು ಓದುವವರ ಸಭೆ, ನೀ ಕೂತರೆ ಸಾಹೇಬರು ಅದನ್ನೇ ಹಿಡಿದುಕೊಂಡಾರು ಎಂದನಂತೆ.

ಬಾವಿ ಶುದ್ಧವಾಗಿ ಹುಡುಗರು ಮರಳಿದರು. ಪಾರವ್ವನಿಂದ ಸುದ್ದಿ ತಿಳಿದು, ಬಯಲು ಕೈಬಿಟ್ಟೇ ಹೋಗುತ್ತಿತ್ತಲ್ಲ ಎಂದು ಎಲ್ಲರೂ ಹಳಹಳಿಸಿದರು. ಸಂಜೆ ಓಡೋಡಿ ಬಂದರೆ ಈರಸಂಗಪ್ಪ ಮೊದಲೇ ಬಂದು ಕೆಳಗೆ ನೆಲದ ಮೇಲೆ ಕೂತಿದ್ದಾನೆ. ದಾನಪ್ಪ, 'ಅಲ್ಲ್ಯಾಕ ಕುಂತಿ, ಬಾರಲೇ ಮ್ಯಾಲ' ಎಂದ. ಈರಸಂಗಪ್ಪ ಕೈಯೆತ್ತಿ ಅಪ್ಪಣೆ ಕೇಳಿ ಎದ್ದು ನಿಂತ.

'ನನ್ನದೊಂದು ತಕರಾರು ಅದ. ನೀವು ಕರೀದ ನಾ ಹತ್ತೇನಿ. ಅದು ಸರಿಯೋ ತಪ್ಪೋ ಮೊದಲ ನೀವೆಲ್ಲಾ ಕೂಡಿ ಹೇಳ್ರಿ. ಆಮ್ಯಾಲ ಕರೀರಿ, ಬರ್ತೀನಿ.'

ಎಲ್ಲರೂ ಗೊಳ್ಳೆಂದು ನಕ್ಕರು. ನೋಡ್ರೋ, ತನ್ನ ಮೇಲೆ ತಾನೇ ತಕರಾರು ತೆಗೆದ ಎಂದರು. ಕೆಟ್ಟ ನಗೆಯಲ್ಲ, ಪ್ರೀತಿಯದೇ. ಆದರೆ ಅಂದು ಇನ್ನೂ ಎಲ್ಲರೂ ಬಂದಿರಲಿಲ್ಲ, ಕಟ್ಟಳೆಯ ಪ್ರಕಾರ ಕರೆ ಸಭೆಯೆಲ್ಲದರ ದನಿಯಾಗಬೇಕು. ನಾಳೆ ನೋಡೋಣ ಎಂದರು. ನಾಳೆ ಎಂದವನ ಮನೆ ಹಾಳು ಎಂದು ಗಾದೆ ಮಾಡಿದವರು ದಡ್ಡರಲ್ಲ. ಮರುದಿನ ಹಾಕಿಯ ಮಾತು ಬಂತು, ಅದರ ಮರುದಿನ ನಾಟಕದ್ದು, ಆಮೇಲೆ ಪರೀಕ್ಷೆ. ಹೊಳೆ ದಾಟಿದ ಮೇಲೆ ಅಂಬಿಗನ ನೆನಪು ಯಾರಿಗೆ? ಅವನು ಕೆಳಗೆ ಕೂತಿರುವುದನ್ನು ದಿನಾ ನೋಡಿ ನೋಡಿ, ಅವನ ಜಾಗವೇ ಅದು ಎಂಬಂತಾಯಿತು. ಅವನ ಹಟವೂ ಅತಿಯಾಯಿತು, ಎದ್ದು ಹೋಗಿ ಕೂತಿದ್ದರೆ ಯಾರು ತಡೆಯುತ್ತಿದ್ದರು ಎಂದು ಕೆಲವರು ಅವನದೇ ತಪ್ಪು ಎನ್ನುತ್ತಾರೆ. ನನಗೆ ಹಾಗನಿಸುವುದಿಲ್ಲ. ಯಾರೂ ಇಲ್ಲದಾಗ ಎಲ್ಲರ ಪರವಾಗಿ ಮಾತಾಡಿದವನು, ಎಲ್ಲರೂ ಇದ್ದಾಗ ತನ್ನ ಪರವಾಗಿ ಒಂದು ಮಾತಿಗಾಗಿ ಕಾದ. ಅದು ಹಟವಾದರೆ ಹಟವೇ ಆಗಲಿ.

ಪರೀಕ್ಷೆ ಮುಗಿಯಿತು. ಕೊನೆಯ ಸಂಜೆಯೂ ಈರಸಂಗಪ್ಪ ಬಂದು ಕೆಳಗೆ ಕೂತ. ಸಭೆ ಎದ್ದ ಮೇಲೂ ತುಸು ಹೊತ್ತು ಕೂತಿದ್ದು, ಪಾರವ್ವನಿಗೆ ಕೈಮುಗಿದು ಹೊರಟುಹೋದ. ಹೊಸ ವರ್ಷದ ಮೊದಲ ಸಭೆಯಲ್ಲಿ ಯಾರನ್ನೋ ಇಳಿಸುವ ಮಾತು ಬಂದಾಗ ದಾನಪ್ಪನಿಗೆ ಥಟ್ಟನೆ ನೆನಪಾಯಿತು. ಎಲ್ಲರೂ ಕೆಳಗೆ ನೋಡಿದರು. ಮರುದಿನವೇ ದಾನಪ್ಪ ಈರಸಂಗಪ್ಪನ ಅಕ್ಕನ ಊರಿಗೆ ಹೋದ. ಆಕೆ ಹೊರಗೆ ಬಂದು, ಮುಖ ತಗ್ಗಿಸಿ, 'ಇಲ್ಲಿಗೆ ಬಂದಿಲ್ಲ ತಮ್ಮಾ,' ಎಂದಳು. 'ನಾವೂ ಕರದಿದ್ದಿಲ್ಲ.' ಗುಳೆ ಹೋಗುವವರ ಜೊತೆ ಘಟ್ಟದ ಕಡೆಗೆ ಹೋದ ಎಂದು ಕೆಲವರು, ದೂರದ ಒಂದು ಹಳ್ಳಿಯಲ್ಲಿ ಮಾಸ್ತರನಾದ ಎಂದು ಇನ್ನು ಕೆಲವರು ಹೇಳುತ್ತಾರೆ. ಕಂಡವರು ಯಾರೂ ಇಲ್ಲ. ದಾನಪ್ಪ ಮರಳಿ ಬಂದು ಸಭೆಯ ಮುಂದೆ ಅತ್ತುಬಿಟ್ಟ ಎನ್ನುತ್ತಾರೆ.

ಅಂದಿನಿಂದ ಯಾರನ್ನೂ ಕಟ್ಟೆಯಿಂದ ಇಳಿಸಿಲ್ಲ. ಹಣಗಿ ಸಾಹೇಬರ ಬಂಗಲೆ ಗುಡ್ಡದ ಆಚೆಗೆ ಎದ್ದಿತು, ಆಮೇಲೆ ಬಂದವರೂ ಕೇಳಿ ನೋಡಿದರು, ಬಯಲು ಮಾತ್ರ ಹುಡುಗರ ಕೈಯಲ್ಲೇ ಉಳಿಯಿತು. ಈಗಲೂ ಹೊತ್ತು ಮುಳುಗುವ ಮುಂಚೆ ಹೋಗಿ ನಿಂತರೆ ನೋಡಬಹುದು. ಕಿವಿಗೆ ಮೊಬೈಲ್ ಹಚ್ಚಿಕೊಂಡು, ಬೈಕು ನಿಲ್ಲಿಸಿ, ಹುಡುಗರೂ ಹುಡುಗಿಯರೂ ಹರಟುತ್ತ ಬಂದು ಕಟ್ಟೆಯ ಮೇಲೆ ಒತ್ತೊತ್ತಾಗಿ ಕೂರುತ್ತಾರೆ. ಅಂಚಿನಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಡುತ್ತಾರೆ. ಸಭೆ ಶುರುವಾಗುವ ಮೊದಲು ಮಾತೆಲ್ಲ ನಿಲ್ಲಿಸಿ, ಕೆಳಗೆ ನೆಲದ ಕಡೆ ತಿರುಗಿ, 'ನೀ ಹತ್ತಿದ್ದು ಸರಿ. ಮ್ಯಾಲ ಬಾ ಈರಸಂಗಪ್ಪ' ಎಂದು ಎಲ್ಲರೂ ಒಂದೇ ದನಿಯಲ್ಲಿ ಕರೆಯುತ್ತಾರೆ. ಕರೆದು ಸ್ವಲ್ಪ ಹೊತ್ತು ಕಾಯುತ್ತಾರೆ. ಯಾರನ್ನು ಕರೆದರು ಎಂದು ಹೊಸಬರು ಬಗ್ಗಿ ಕೆಳಗೆ ನೋಡುತ್ತಾರೆ. ಅಲ್ಲಿ ಯಾರೂ ಇರುವುದಿಲ್ಲ.